ರವಿಕೆಯೊಳಗಿನ ಫೋನು

ಗಂಟು ಎಂಬ ಮಾತು ಕಿವಿಗೆ ಬಿದ್ದಾಗ ಲೀಲಾಧರನಿಗೆ ಮೊದಲು ಆದದ್ದು ಸಂತೋಷ. ಹೌದು, ಸಂತೋಷವೇ, ಅದಕ್ಕೆ ಬೇರೆ ಹೆಸರು ಹುಡುಕಿ ಪ್ರಯೋಜನವಿಲ್ಲ. ಮೊನ್ನೆ ಸಂಜೆ ಎರ್ಮಾಳಿನ ಮನೆಯ ಜಗಲಿಯಲ್ಲಿ ಹರಿದ ಬಲೆಯನ್ನು ಹೆಣೆಯುತ್ತ ಕೂತಿದ್ದವನ ಹತ್ತಿರ ನಾದಿನಿ ಸೌಮ್ಯಶ್ರೀ ಬಂದಳು. ಅಡುಗೆಮನೆಗೆ ಕೇಳಿಸದ ಹಾಗೆ ದನಿ ತಗ್ಗಿಸಿ, ಭಾವ, ಅಕ್ಕನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿ, ಎದೆಯಲ್ಲಿ ಗಂಟು ಉಂಟು, ತಲೆಗೆ ಎಣ್ಣೆ ಹಚ್ಚುವಾಗ ಎಡಗೈ ಎತ್ತಲಿಕ್ಕಾಗದೆ ಮುಖ ಕಿವುಚಿದಳು, ನಾನು ಜೋರು ಮಾಡಿ ಮುಟ್ಟಿ ನೋಡಿದೆ ಎಂದಳು. ಅವಳ ಮಾತು ಮುಗಿಯುವ ಮೊದಲೇ ಇವನ ಬಾಯಿಂದ ‘ನಾನು ಹೇಳಿರಲಿಲ್ಲವಾ?’ ಎಂದು ಹೊರಬಿತ್ತು. ಎರಡು ವರ್ಷದಿಂದ ಹೆಂಡತಿಗೆ ಬಡಬಡಿಸಿ ಹೇಳುತ್ತಿದ್ದ ಮಾತು ಕೊನೆಗೂ ನಿಜವಾಯಿತಲ್ಲ ಎಂಬ ಗೆಲುವು ಅದರಲ್ಲಿತ್ತು. ಸೌಮ್ಯಶ್ರೀ ಅವನ ಮುಖವನ್ನೇ ನೋಡಿದಳು. ಹೆದರಿಕೆ ಬಂದದ್ದು ಆಮೇಲೆ. ಬಂದಾಗ ದೊಡ್ಡದಾಗಿಯೇ ಬಂತು, ಕೈಯಲ್ಲಿದ್ದ ನೂಲು ಗೋಜಲಾಯಿತು, ಬಾಯಿ ಒಣಗಿತು, ಎಲ್ಲ ಸರಿ. ಆದರೆ ಮೊದಲು ಬಂದದ್ದು ಯಾವುದು ಎನ್ನುವುದು ಅವನಿಗೆ ಗೊತ್ತಿತ್ತು. ಸೌಮ್ಯಶ್ರೀಗೂ ಗೊತ್ತಾಗಿರಬೇಕು, ಇಲ್ಲದಿದ್ದರೆ ಅಕ್ಕ ಕೊಟ್ಟ ಚಹಾ ಕುಡಿಯದೆ ಅವಳು ಹಾಗೆ ಹೊರಟುಹೋಗುತ್ತಿರಲಿಲ್ಲ.

ಈಗ ಉಡುಪಿಯ ಬಸ್ಸಿನಲ್ಲಿ ಹೆಂಡತಿ ನಳಿನಾಕ್ಷಿ ಮುಂದಿನ ಹೆಂಗಸರ ಸೀಟಿನಲ್ಲಿ ಕೂತಿದ್ದಳು, ಅವನು ಹಿಂದೆ ಕಂಬಿ ಹಿಡಿದು ನಿಂತಿದ್ದ. ದಿನಾ ಕಾರ್ಕಳಕ್ಕೆ ಮೀನು ಒಯ್ಯುವವಳನ್ನು ಯಾವ ಕಂಡಕ್ಟರನೂ ಮುಂದಿನ ಸೀಟಿನಲ್ಲಿ ಕೂರಲು ಬಿಟ್ಟವನಲ್ಲ. ಬುಟ್ಟಿಯ ನೀರು ಸೋರುತ್ತದೆ, ಹಿಂದೆ ಹೋಗು, ಮೂಲೆಗೆ ಸರಿ ಎಂದು ಎಲ್ಲರೆದುರು ಗದರುತ್ತಾರೆ. ಇವತ್ತು ಬುಟ್ಟಿಯಿಲ್ಲ, ಒಗೆದ ಸೀರೆ, ಮುಡಿಯಲ್ಲಿ ಎರಡು ಅಬ್ಬಲಿಗೆ ಹೂ. ಕಾಪು ದಾಟುವಾಗ ಮಳೆ ಜೋರಾಗಿ ಬಸ್ಸಿನವರು ಟರ್ಪಾಲು ಇಳಿಸಿದರು. ಕತ್ತಲಾದ ಬಸ್ಸಿನೊಳಗೆ ಅವಳ ಬಲಗೈ ಸೆರಗಿನ ಒಳಗೆ ಹೋದದ್ದು ಅವನಿಗೆ ಕಂಡಿತು. ಫೋನು. ಆಸ್ಪತ್ರೆಗೆ ಹೊರಟವಳು, ಎದೆಯಲ್ಲಿ ಗಂಟು ಇಟ್ಟುಕೊಂಡವಳು, ಅದನ್ನು ಇನ್ನೂ ಅಲ್ಲಿಯೇ ಇಟ್ಟಿದ್ದಾಳೆ! ಎದ್ದು ಹೋಗಿ ಕಿತ್ತು ಕಿಟಕಿಯಿಂದ ಎಸೆಯಬೇಕು ಎಂದು ಅವನ ಕೈ ತುರಿಸಿತು. ಎಸೆಯಬೇಕಾದದ್ದು ಗಂಟಿನ ಕಾರಣಕ್ಕೋ ಅಥವಾ ಆ ಇನ್ನೊಂದು ಕಾರಣಕ್ಕೋ ಎಂದು ಒಳಗಿನಿಂದ ಯಾರೋ ಕೇಳಿದ ಹಾಗಾಯಿತು. ಇವೆಲ್ಲ ಈಗ ಬೇಡ ಎಂದು ಅವನು ಟರ್ಪಾಲಿನ ತೂತಿನಿಂದ ಹೊರಗೆ ನೋಡಿದ. ಹೊರಗೆ ಕಟಪಾಡಿಯ ಗದ್ದೆ, ನಾಟಿಯ ಹೆಂಗಸರು, ಅವರ ಹಿಂದೆ ಕೆಂಪು ಬಿಳಿ ಬಣ್ಣ ಬಳಿದ ಒಂದು ಟವರು.

ಆ ಇನ್ನೊಂದು ಕಾರಣವನ್ನು ಅವನು ಯಾರಿಗೂ ಹೇಳಿರಲಿಲ್ಲ. ತನಗೂ ಸರಿಯಾಗಿ ಹೇಳಿಕೊಂಡಿರಲಿಲ್ಲ. ಫೋನು ತಂದುಕೊಟ್ಟವನು ಅವನೇ. ಮಲ್ಪೆಯ ಬೋಟಿನಲ್ಲಿ ಹೋದರೆ ವಾರವಾದರೂ ಸುದ್ದಿಯಿಲ್ಲ, ಒಂದು ಇರಲಿ ಎಂದು ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು. ಅದು ಅವಳ ಕೈಗೆ ಬಂದದ್ದೇ ತಡ, ಅವಳ ವ್ಯಾಪಾರವೇ ಬದಲಾಗಿಹೋಯಿತು. ಬೋಟು ಬಂದು ನಿಲ್ಲುವ ದಕ್ಕೆಯಲ್ಲಿ ಬಂಗುಡೆ ಬಿದ್ದಿದೆಯೋ ಬೂತಾಯಿಯೋ ಎಂದು ಅಲ್ಲಿಂದಲೇ ಕಾರ್ಕಳದ ಮನೆಗಳಿಗೆ ಹೇಳಿ, ಯಾರಿಗೆ ಎಷ್ಟು ಎಂದು ಗೊತ್ತುಮಾಡಿಕೊಂಡು, ಬಸ್ಸಿಳಿದು ನೇರ ಹೋಗಿ ಕೊಟ್ಟು ಮಧ್ಯಾಹ್ನಕ್ಕೆ ಮನೆಗೆ. ಮೀನಿನ ಹೆಂಗಸಿಗೆ ಕಿಸೆ ಎಲ್ಲಿ? ಹಣದ ಸಣ್ಣ ಚೀಲ ಇರುವ ಜಾಗದಲ್ಲಿಯೇ, ರವಿಕೆಯ ಎಡಬದಿಯಲ್ಲಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಅದನ್ನೂ ತುರುಕಿದಳು. ದಕ್ಕೆಯ ಹೆಂಗಸರೆಲ್ಲ ಹಾಗೆಯೇ ಮಾಡುವುದು. ಅಲ್ಲಿಯವರೆಗೆ ಎಲ್ಲ ಸರಿಯೇ ಇತ್ತು. ಆದರೆ ಮಳೆಗಾಲ ಬಂದು ಬೋಟಿಗೆ ರಜೆ ಸಿಕ್ಕಿ ಅವನು ಮನೆಯಲ್ಲಿ ಕೂತಾಗ ಅವಳು ಫೋನಿನಲ್ಲಿ ನಗುವುದು ಕೇಳಿಸಿತು. ಹಿತ್ತಿಲ ಬಾವಿಕಟ್ಟೆಯ ಹತ್ತಿರ ನಿಂತು, ಬೆನ್ನು ಹಾಕಿ, ಗಂಟಲು ತುಂಬ ನಗು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನೆದುರು ಅವಳು ಹಾಗೆ ನಕ್ಕದ್ದಿಲ್ಲ. ಯಾರು ಎಂದು ಕೇಳಿದರೆ ಕಾರ್ಕಳದ ಸ್ಟ್ಯಾನಿಸ್ಲಾಸನ ಹೋಟೆಲಿನಿಂದ, ಅಂಜಲ್ ಮೀನು ಬೇಕಂತೆ ಎಂದಳು. ಅಂಜಲ್ ಕೇಳಲಿಕ್ಕೆ ಅಷ್ಟು ನಗು ಎಂತಕ್ಕೆ? ಈ ಮಾತು ನಾಲಿಗೆಯ ತುದಿಯವರೆಗೆ ಬಂತು. ಬಿಸಿ ತುಪ್ಪದ ಹಾಗೆ ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಹೆಂಡತಿಯ ಮೇಲೆ ಸಂಶಯ ಪಡುವವನು ಎಂದು ಹೆಸರು ಬಂದರೆ ಬೋಟಿನಲ್ಲಿ ಬದುಕಲಿಕ್ಕುಂಟಾ?

ಅಂಥ ಹೊತ್ತಿನಲ್ಲಿ ಕ್ಷೌರದಂಗಡಿಯ ಕಿಟ್ಟ ದೇವರ ಹಾಗೆ ಒದಗಿದ. ಕಿಟ್ಟನಿಗೆ ಪೇಪರು ಓದುವ ಚಟ, ಓದಿದ್ದಕ್ಕೆ ಒಂದಕ್ಕೆರಡು ಸೇರಿಸಿ ಹೇಳುವ ಚಟ ಬೇರೆ. ಇನ್ನಂಜೆಯಲ್ಲಿ ಟವರು ನಿಂತ ಮೇಲೆ ತೆಂಗಿನ ಮಿಡಿಯೆಲ್ಲ ಉದುರುತ್ತದಂತೆ, ಗುಬ್ಬಿಗಳು ಊರು ಬಿಟ್ಟವಂತೆ, ಮೊಬೈಲಿನ ತರಂಗ ಮಾಂಸದ ಒಳಗೆ ಹೋಗಿ ಬೇಯಿಸುತ್ತದಂತೆ ಎಂದು ಕತ್ತಿ ಮಸೆಯುತ್ತ ಹೇಳಿದ. ‘ಅದು ಮೈಕ್ರೋವೇವ್ ಮಾರಾಯ. ಮಣಿಪಾಲದವರು ಅದರಲ್ಲೇ ಕೋಳಿ ಬಿಸಿ ಮಾಡುವುದು.’ ಲೀಲಾಧರ ಅರ್ಧ ಬೋಳಿಸಿದ ಗಡ್ಡದಲ್ಲೇ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. ಆ ಮುಖದಲ್ಲಿ ಹೆದರಿಕೆ ಇರಲಿಲ್ಲ. ಹುಡುಕುತ್ತಿದ್ದ ವಸ್ತು ಕೈಗೆ ಸಿಕ್ಕಿದವನ ಸಮಾಧಾನವಿತ್ತು. ಅಂದಿನಿಂದ ಅವನ ಬಾಯಲ್ಲಿ ಒಂದೇ ಜಪ: ಅಲ್ಲಿ ಇಡಬೇಡ, ಅಷ್ಟು ಹೊತ್ತು ಮಾತಾಡಬೇಡ, ಅದು ಒಳ್ಳೆಯದಲ್ಲ, ಕ್ಯಾನ್ಸರು ಬರುತ್ತದೆ. ಆ ಕೊನೆಯ ಶಬ್ದವನ್ನು ಹೇಳುವಾಗ ಒಂದು ರುಚಿ ಸಿಗುತ್ತಿತ್ತು ಎನ್ನುವುದು ಈಗ ಬಸ್ಸಿನಲ್ಲಿ ನೆನಪಾಗಿ ಅವನು ಮುಂದಿನ ಸೀಟಿನಿಂದ ಕಣ್ಣು ತೆಗೆದ.

ಸಿಟಿ ಬಸ್ಸು ಹತ್ತಿ ಮಣಿಪಾಲದಲ್ಲಿ ಇಳಿದು, ಚೀಟಿ ಮಾಡಿಸಿ, ಹೆಂಗಸರ ವಿಭಾಗದ ಉದ್ದ ಬೆಂಚಿನಲ್ಲಿ ಕೂತರು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಅವಳು ಕೂತಳು. ಎದುರಿಗೆ ಗಜೇಂದ್ರಗಡದ ಕಡೆಯ ಒಂದು ಸಂಸಾರ. ಗಂಡ ಕಟ್ಟಡದ ಕೆಲಸದವನಿರಬೇಕು, ಕೈಯ ಸಿಮೆಂಟು ಇನ್ನೂ ಹೋಗಿಲ್ಲ. ಅವನು ಹೆಂಡತಿಗೆ ಬಾಳೆಹಣ್ಣು ಸುಲಿದು ತುಂಡು ತುಂಡಾಗಿ ಕೊಡುತ್ತಿದ್ದ, ಅವಳು ಬ್ಯಾಡ ಅನ್ನುತ್ತ ತಿನ್ನುತ್ತಿದ್ದಳು. ಲೀಲಾಧರನಿಗೆ ತಾನೂ ಎಂತಾದರೂ ಮಾಡಬೇಕು ಅನಿಸಿತು. ಚಹಾ ಬೇಕಾ ಎಂದು ಕೇಳಿದ. ಬೇಡ ಎಂದಳು. ನೀರು? ಬೇಡ. ಅವಳ ಫೋನು ಬಡಿಯಿತು. ಅವಳು ತೆಗೆದು ನೋಡಿ, ಮಾತಾಡದೆ ಸದ್ದು ನಿಲ್ಲಿಸಿ, ಮತ್ತೆ ಒಳಗಿಟ್ಟಳು. ತಾನು ಇದ್ದೇನೆಂದು ಮಾತಾಡಲಿಲ್ಲವೇ ಎಂದು ಅವನ ಮನಸ್ಸು ಫಕ್ಕನೆ ಹೆಡೆ ಎತ್ತಿತು. ಛೀ ನಾಯಿಯೇ, ಇಲ್ಲಿಯೂ ಬಿಡುವುದಿಲ್ಲವಾ ನೀನು ಎಂದು ಅವನು ತನ್ನನ್ನೇ ಬೈದುಕೊಂಡ. ಬೈದರೆ ಅದು ಹೋಗುವಂಥದ್ದಲ್ಲ.

ಆ ಸಂಶಯವನ್ನು ಅವನು ಸಾಕಿದ್ದೇ ಹಾಗೆ. ಕಳೆದ ಮಳೆಗಾಲದಲ್ಲಿ ಒಂದು ವಿಷಯ ಅವನ ಕಣ್ಣಿಗೆ, ಅಲ್ಲ, ಕಿವಿಗೆ ಬಿದ್ದಿತ್ತು. ಹಳೆಯ ರೇಡಿಯೋದ ಹತ್ತಿರ ಫೋನು ಇದ್ದರೆ, ಕರೆ ಬರುವ ಮೊದಲೇ ರೇಡಿಯೋ ಟರ್ ಟರ್ ಟರ್ ಎನ್ನುತ್ತದೆ. ಆಮೇಲೆ ಫೋನು ಬಡಿಯುತ್ತದೆ. ಒಂದು ದಿನ ಅವಳನ್ನು ಕರೆದು ಕೂರಿಸಿ, ಕೇಳು, ಕೇಳಿದೆಯಾ, ಈ ಕಬ್ಬಿಣದ ಡಬ್ಬಿಗೇ ಹೀಗಾದರೆ ನಿನ್ನ ಎದೆಯ ಒಳಗೆ ಎಂತ ಆಗಬೇಡ ಎಂದು ತೋರಿಸಿದ. ಅವಳ ಮುಖ ಸಣ್ಣದಾಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಒಳ್ಳೆಯ ಗಂಡ. ಆದರೆ ಅಂದಿನಿಂದ ಅವನು ಇಡೀ ದಿನ ರೇಡಿಯೋ ಹಾಕಿಕೊಂಡು ಅವಳ ಹತ್ತಿರವೇ ಸುಳಿಯತೊಡಗಿದ. ಅವಳು ಅಕ್ಕಿ ಆರಿಸುವಲ್ಲಿ ರೇಡಿಯೋ, ಒಣಮೀನು ಹರಡುವಲ್ಲಿ ರೇಡಿಯೋ. ಮಂಗಳೂರು ಕೇಂದ್ರದ ಕೃಷಿರಂಗದಲ್ಲಿ ಅಡಿಕೆಯ ಕೊಳೆರೋಗದ ಮಾತು ನಡೆಯುತ್ತಿದ್ದರೆ ಬೆಸ್ತನಾದ ಇವನು ಕಿವಿ ನಿಮಿರಿಸಿ ಕೂತಿರುವುದು! ಟರ್ ಎಂದ ಕೂಡಲೇ ಅವಳ ಮುಖ ನೋಡುವುದು. ಅವಳಿಗಿಂತ ಮೊದಲು ತನಗೆ ಗೊತ್ತಾಯಿತು ಎಂಬ ಗರ್ವ. ಅವಳು ಫೋನು ಹಿಡಿದು ಹಿತ್ತಿಲಿಗೆ ಹೋದರೆ ಹೋದಳು ಎಂದು, ಹೋಗದಿದ್ದರೆ ತನ್ನೆದುರು ನಾಟಕ ಎಂದು. ಒಂದು ಸಲ ಮಾತ್ರ ಅವಳು ತಿರುಗಿ ಕೇಳಿದ್ದಳು. ‘ನಿಮ್ಮ ಬೋಟಿನಲ್ಲಿ ವಯರ್‌ಲೆಸ್ ಉಂಟಲ್ಲ, ರಾತ್ರಿ ಹಗಲು ಕಿವಿಗೆ ಹಿಡಿಯುತ್ತೀರಲ್ಲ, ಅದರಿಂದ ಎಂತ ಆಗುವುದಿಲ್ಲವಾ?’ ಅದರ ತರಂಗವೆಲ್ಲ ಸಮುದ್ರಕ್ಕೆ ಹೋಗುತ್ತದೆ ಎಂದು ಅವನು ಗತ್ತಿನಿಂದ ಹೇಳಿದ್ದ. ಅವಳು ಮತ್ತೆ ಕೇಳಲಿಲ್ಲ. ಕೇಳದ್ದು ಒಪ್ಪಿಕೊಂಡದ್ದಕ್ಕೋ, ಇವನ ಹತ್ತಿರ ಮಾತೇ ಬೇಡ ಎಂದೋ, ಆಗ ಅವನು ಯೋಚಿಸಿರಲಿಲ್ಲ.

ನರ್ಸು ಹೆಸರು ಕರೆದಳು. ನಳಿನಾಕ್ಷಿ ಎದ್ದು, ಒಂದು ಗಳಿಗೆ ನಿಂತು, ರವಿಕೆಯಿಂದ ಫೋನು ತೆಗೆದು ಅವನ ಕೈಗೆ ಕೊಟ್ಟಳು. ಅವಳ ಮೈಯ ಬಿಸಿ ಅದರಲ್ಲಿತ್ತು. ಎರಡು ವರ್ಷದಿಂದ ಅದನ್ನು ಒಮ್ಮೆ ಕೈಗೆ ತೆಗೆದುಕೊಂಡು ಎಲ್ಲ ನೋಡಿಬಿಡಬೇಕು ಎಂದು ಅವನು ಹವಣಿಸಿದ್ದುಂಟು. ಅವಳು ಮಲಗುವಾಗಲೂ ತಲೆದಿಂಬಿನ ಅಡಿಗೆ ಇಡುತ್ತಿದ್ದಳು. ಈಗ ತಾನಾಗಿ ಕೈಗೆ ಬಂದಿದೆ. ಪರದೆಯ ಆಚೆ ಅವಳು ಸೀರೆ ಸಡಿಲಿಸುತ್ತಿರಬಹುದು, ಯಾರೋ ಗುರುತಿಲ್ಲದವರು ಕೈಗವಸು ಹಾಕಿಕೊಂಡು ಅವಳನ್ನು ಮುಟ್ಟುತ್ತಿರಬಹುದು, ಅವಳು ಹಲ್ಲು ಕಚ್ಚಿ ಸೂರು ನೋಡುತ್ತಿರಬಹುದು. ಇವನು ಇಲ್ಲಿ ಬೆಂಚಿನ ಮೇಲೆ ಅವಳ ಫೋನಿನ ಗುಂಡಿ ಒತ್ತಲೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದಾನೆ. ಒತ್ತುವ ಮೊದಲೇ ಅದು ಬಡಿಯಿತು. ಪರದೆಯಲ್ಲಿ ಇಂಗ್ಲಿಷ್ ಅಕ್ಷರ, ಕೂಡಿಸಿ ಓದಿದ. ಸ್ಟ್ಯಾನಿ. ಎದುರಿನ ಬಾಳೆಹಣ್ಣಿನವನು ಇವನನ್ನೇ ನೋಡುತ್ತಿದ್ದ. ಲೀಲಾಧರ ಹಸಿರು ಗುಂಡಿ ಒತ್ತಿ, ಉಸಿರು ಬಿಗಿ ಹಿಡಿದು, ಏನೂ ಮಾತಾಡದೆ ಕಿವಿಗೆ ಹಿಡಿದ.

ಹೆಂಗಸಿನ ದನಿ. ನಳಿನಾ, ಡಾಕ್ಟರು ಎಂತ ಹೇಳಿದರು ಎಂದು ಕೇಳಿತು. ಇವನು ಕೆಮ್ಮಿದ. ಆಚೆಯ ದನಿ, ಓ, ಯಜಮಾನರಾ, ನಾನು ಸ್ಟ್ಯಾನಿಸ್ಲಾಸರ ಹೆಂಡತಿ, ಹೋಟೆಲಿಗೆ ಮೀನು ಹೇಳುವುದು ನಾನೇ ಅಲ್ವಾ, ಅವರಿಗೆ ಅದೆಲ್ಲ ತಿಳಿಯುವುದಿಲ್ಲ ಎಂದಿತು. ಆಮೇಲೆ ಆಕೆ ನಿಲ್ಲಿಸಲಿಲ್ಲ. ತನ್ನ ಅಕ್ಕನಿಗೆ ಹೀಗೆಯೇ ಆದದ್ದು, ಕೂಡಲೇ ತೋರಿಸಿದ್ದರಿಂದ ಬದುಕಿ ಉಳಿದದ್ದು, ಕ್ರಿಸ್‌ಮಸ್ಸಿನಿಂದ ಇವಳಿಗೆ ಬಡಕೊಂಡು ಬಡಕೊಂಡು ಹೇಳಿದ್ದು. ‘ಹೇಳಿದಾಗೆಲ್ಲ ನಗಾಡುತ್ತಾಳೆ ನೋಡಿ. ಮೀನಿನವಳಿಗೆ ಎಂತ ರೋಗ ಬಾಯಮ್ಮ, ಉಪ್ಪಿನಲ್ಲಿ ಹಾಕಿಟ್ಟ ಮೈ ಅಂತ ನಗಾಡಿ ಹಾರಿಸಿಬಿಡುವುದು. ನೀವಾದರೂ ಗದರಬೇಕಿತ್ತಲ್ಲ.’ ಹೌದು ಎಂದ ಲೀಲಾಧರ. ಹಾಗಾದರೆ ಆ ನಗು ಅದು. ಹಿತ್ತಿಲಲ್ಲಿ ಬೆನ್ನು ಹಾಕಿ ನಕ್ಕದ್ದು. ಎಲ್ಲ ನಗುವೂ ಅದೇ ಆಗಿರಲಾರದು, ಮೊದಲಿನ ವರ್ಷದ್ದು ಬರೇ ನಗುವೇ ಇರಬಹುದು, ಎರಡು ಹೆಂಗಸರು ಮಾತಾಡಿದರೆ ನಗಬಾರದಾ? ಆದರೆ ಈಚಿನದು ಅದು. ಅವನ ಕಿವಿ ಆ ನಗುವಿನಲ್ಲಿ ಗಂಡಸನ್ನು ಮಾತ್ರ ಹುಡುಕುತ್ತಿತ್ತು. ಫೋನು ಇಟ್ಟ ಮೇಲೂ ಕಿವಿ ಬಿಸಿಯಾಗಿಯೇ ಇತ್ತು. ಕಿಟ್ಟ ಹೇಳಿದ ಬಿಸಿ ಇದೇ ಇರಬಹುದೇ ಎಂದು ಒಂದು ಗಳಿಗೆ ಅವನಿಗೆ ನಿಜವಾಗಿಯೂ ಅನಿಸಿತು.

ಒಳಗೆ ಕರೆದರು. ಡಾಕ್ಟರಮ್ಮನಿಗೆ ಸೌಮ್ಯಶ್ರೀಯಷ್ಟೇ ಪ್ರಾಯ. ನಳಿನಾಕ್ಷಿ ಸ್ಟೂಲಿನ ಮೇಲೆ ಕೂತು ಸೆರಗನ್ನು ಎರಡು ಸುತ್ತು ಹೊದ್ದಿದ್ದಳು. ಗಂಟು ದೊಡ್ಡದಿದೆ, ಕಂಕುಳಲ್ಲಿಯೂ ಸಣ್ಣದೊಂದು ಸಿಗುತ್ತದೆ, ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ, ಸೋಮವಾರ ಬನ್ನಿ, ಆಪರೇಷನ್ ಬೇಕಾಗುತ್ತದೆ ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳಿ ಎಂದು ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಲೀಲಾಧರ ತಲೆಯಾಡಿಸಿದ. ಆಪರೇಷನ್ ಎಂದರೆ ಎಷ್ಟು, ಅವಳು ಉಳಿಯುತ್ತಾಳಾ, ಹಾಸ್ಟೆಲಿನಲ್ಲಿ ಓದುವ ಮಗಳಿಗೆ ಎಂತ ಹೇಳುವುದು ಎಂದು ಕೇಳಬೇಕಾದವನು, ಇದನ್ನೆಲ್ಲ ಬಿಟ್ಟು, ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟು, ಇದರಿಂದ ಬಂದದ್ದಲ್ಲವಾ ಎಂದು ಕೇಳಿದ. ಕೇಳಬಾರದು ಎಂದು ನಾಲಿಗೆ ಕಚ್ಚಿ ಹಿಡಿದಿದ್ದರೂ ಬಂತು. ಹೌದು ಎನ್ನಲಿ, ಹೌದು ಎಂದು ಒಂದು ಮಾತು ಎನ್ನಲಿ ಎಂದು ಅವನ ಒಳಗು ಬೇಡುತ್ತಿತ್ತು. ಡಾಕ್ಟರು ಹೌದು ಎಂದರೆ ಎರಡು ವರ್ಷದ ಅವನ ಮಾತೆಲ್ಲ ಹೆಂಡತಿಯ ಮೇಲಿನ ಪ್ರೀತಿಯಾಗಿಬಿಡುತ್ತಿತ್ತು.

ಡಾಕ್ಟರಮ್ಮ ನಗಲಿಲ್ಲ, ಗದರಲೂ ಇಲ್ಲ. ‘ಹಾಗೆ ಹೇಳಲಿಕ್ಕೆ ನನ್ನ ಹತ್ತಿರ ಆಧಾರ ಇಲ್ಲ. ಅದರ ಬಗ್ಗೆ ಸಂಶೋಧನೆ ಇನ್ನೂ ನಡೆಯುತ್ತಾ ಉಂಟು. ಇಪ್ಪತ್ತು ವರ್ಷ ಬಿಟ್ಟು ಎಂತ ಹೇಳುತ್ತಾರೋ ನನಗೆ ಗೊತ್ತಿಲ್ಲ. ಯಾವುದರಿಂದ ಬಂತು ಅನ್ನುವುದು ಇವತ್ತು ನನಗೆ ಮುಖ್ಯ ಅಲ್ಲ, ಯಾವಾಗ ಬಂತು ಅನ್ನುವುದು ಮುಖ್ಯ.’ ಹೇಳಿ ನಳಿನಾಕ್ಷಿಯ ಕಡೆ ತಿರುಗಿದರು. ಮೊದಲು ಕೈಗೆ ಸಿಕ್ಕಿದ್ದು ಯಾವಾಗ? ಅವಳು ನೆಲ ನೋಡುತ್ತ, ದೀಪಾವಳಿಯ ಎಣ್ಣೆಸ್ನಾನದ ದಿನ ಎಂದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಈಗ ಆಟಿ ತಿಂಗಳು, ಒಂಬತ್ತು ತಿಂಗಳ ಹತ್ತಿರ ಬಂತು. ಅಷ್ಟು ಸಮಯ ಯಾಕೆ ಸುಮ್ಮನಿದ್ದಿರಿ, ಇವರಿಗೆ ಹೇಳಲಿಲ್ಲವಾ ಎಂದು ಕೇಳಿದರು. ನಳಿನಾಕ್ಷಿ ತಲೆಯೆತ್ತಿ ಡಾಕ್ಟರನ್ನು ನೋಡಲಿಲ್ಲ, ಗಂಡನನ್ನು ನೋಡಿದಳು. ಮನೆಯಲ್ಲಿ ಅವರು ಮಾತಾಡುವುದು ತುಳು. ಈಗ ಅವಳು, ಡಾಕ್ಟರಿಗೂ ತಿಳಿಯಲಿ ಎಂದೋ ಏನೋ, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ಒಂದೊಂದೇ ಶಬ್ದವನ್ನು ಬಿಡಿಸಿ ಬಿಡಿಸಿ ಹೇಳಿದಳು.

‘ಹೇಳಿದರೆ ನೀವು ಮೊಬೈಲಿನಿಂದ ಬಂದದ್ದು ಅಂತ ಹೇಳುತ್ತಿದ್ದಿರಿ. ಫೋನು ಹೋಗುತ್ತಿತ್ತು. ನಾನು ಮತ್ತೆ ಬುಟ್ಟಿ ಹೊತ್ತುಕೊಂಡು ಮನೆ ಮನೆ ಗೇಟಿನಲ್ಲಿ ನಿಂತು, ಇವತ್ತು ಬೇಡ, ನಾಳೆ ಬಾ ಅಂತ ಹೇಳಿಸಿಕೊಳ್ಳಬೇಕಿತ್ತು.’

ಡಾಕ್ಟರಮ್ಮನಿಗೆ ಎಂತ ಅರ್ಥವಾಯಿತೋ, ಸಣ್ಣ ದನಿಯಲ್ಲಿ ಫೋನು ಯಾವ ಬದಿಯಲ್ಲಿ ಇಡುತ್ತಿದ್ದಿರಿ ಎಂದು ಕೇಳಿದರು. ಎಡದಲ್ಲಿ ಎಂದಳು ಅವಳು. ಸ್ವಲ್ಪ ತಡೆದು, ‘ಗಂಟು ಸಿಕ್ಕಿದ ಮೇಲೆ ಬಲಕ್ಕೆ ಹಾಕಿದೆ. ಅಲ್ಲಿಂದ ತೆಗೆದರೆ ತನ್ನಷ್ಟಕ್ಕೆ ಕರಗಬಹುದು ಅಂತ ಕಾದೆ’ ಎಂದಳು. ಲೀಲಾಧರ ಮೇಜಿನ ಮೇಲಿಂದ ಫೋನನ್ನು ಮತ್ತೆ ಕೈಗೆ ತೆಗೆದುಕೊಂಡ. ಹಾಗಾದರೆ ಅವಳು ನಂಬಿದ್ದಳು. ತಾನು ಪೂರ್ತಿ ನಂಬದೆ ಹೇಳಿದ್ದನ್ನು ಅವಳು ಪೂರ್ತಿ ನಂಬಿ, ಅದೇ ಮದ್ದೆಂದು ಬದಿ ಬದಲಾಯಿಸಿ, ದಿನಾ ಸ್ನಾನದ ಮನೆಯಲ್ಲಿ ಮುಟ್ಟಿ ಮುಟ್ಟಿ ಕರಗಿತಾ ಎಂದು ನೋಡುತ್ತಿದ್ದಳು. ಅವಳು ಎಣ್ಣೆಸ್ನಾನ ಮಾಡಿದ ಆ ದೀಪಾವಳಿಯಲ್ಲಿ ಅವನು ಊರಿನಲ್ಲೇ ಇದ್ದ, ಹೊಸ ಅಂಗಿ ಹಾಕಿಕೊಂಡು ದೋಸೆ ತಿಂದಿದ್ದ. ಬಡಿಸುವಾಗ ಅವಳು ಎಂತೋ ಹೇಳಲು ಬಂದು ನಿಲ್ಲಿಸಿದಳೇ? ನೆನಪಾಗಲಿಲ್ಲ. ಅವಳ ಫೋನಿಗೆ ಎಷ್ಟು ಕರೆ ಬಂತು ಎನ್ನುವುದು ಮಾತ್ರ ಅವನಿಗೆ ಆ ದಿನದ್ದು ಇನ್ನೂ ನೆನಪಿತ್ತು.

ಹೊರಗೆ ಮಳೆ ಬಿಟ್ಟಿತ್ತು. ಆಸ್ಪತ್ರೆಯ ಮೆಟ್ಟಿಲಿನಲ್ಲಿ ನಿಂತು ಅವಳು ಕೈ ಚಾಚಿ ಫೋನು ಕೊಡಿ ಎಂದಳು. ಕೊಟ್ಟ. ಅವಳು ಅವನಿಗೆ ಬೆನ್ನು ಹಾಕದೆ, ಅವನೆದುರೇ, ಒಂದೆರಡು ಮನೆಗಳಿಗೆ ಮಾತಾಡಿದಳು: ನಾಳೆ ಬರುವುದಿಲ್ಲ, ಸೋಮವಾರವೂ ಇಲ್ಲ, ನಾಡದೋಣಿಯವರ ಮೀನು ಬೇಕಾದರೆ ಪಡುಬಿದ್ರಿಯ ಜಯಕ್ಕನಿಗೆ ಹೇಳುತ್ತೇನೆ. ದನಿ ಎಂದಿನ ಹಾಗೆಯೇ ಇತ್ತು. ಮುಗಿಸಿ, ತೊಟ್ಟೆಯಲ್ಲಿ ಸುತ್ತಿ, ಸೆರಗು ಸರಿಸಿ, ಕೈಯನ್ನು ರವಿಕೆಯ ಹತ್ತಿರ ತಂದವಳು ಅಲ್ಲಿಯೇ ನಿಲ್ಲಿಸಿ ಅವನ ಮುಖ ನೋಡಿದಳು. ಅಲ್ಲಿ ಇಡಬೇಡ ಮಾರಾಯ್ತಿ, ನನ್ನ ಕೈಯಲ್ಲಿ ಕೊಡು, ನಿನಗೆ ಎಂತಾದರೂ ಆದರೆ ನಾನು ಹೇಗೆ ಇರಲಿ ಎಂದು ಹೇಳಬೇಕೆನಿಸಿತು. ಅವನಿಗೆ ಈಗ ಹೆದರಿಕೆಯಾಗಿತ್ತು. ಸ್ಟ್ಯಾನಿಸ್ಲಾಸನಿಲ್ಲದ, ಕಿಟ್ಟನಿಲ್ಲದ, ಬರೇ ಹೆದರಿಕೆ. ತರಂಗವೋ ಮತ್ತೊಂದೋ, ಇದ್ದರೂ ಇರಬಹುದಲ್ಲ, ಯಾರಿಗೆ ಗೊತ್ತು! ಆದರೆ ಅಲ್ಲಿ ಇಡಬೇಡ ಎಂಬ ಆ ಮಾತನ್ನು ಅವನು ಎರಡು ವರ್ಷ ಬೇರೆಯದಕ್ಕೆ ಬಳಸಿ ಹಾಳುಮಾಡಿದ್ದ. ಈಗ ಹೇಳಿದರೂ ಅವಳಿಗೆ ಕೇಳಿಸುವುದು ಹಳೆಯದೇ. ಅವಳು ಕಾದಳು. ಅವನು ಕಿಸೆಯಲ್ಲಿ ಬಸ್ಸಿನ ಚಿಲ್ಲರೆ ಹುಡುಕಿದ. ಅವಳು ಫೋನನ್ನು ಬಲಬದಿಗೆ ತುರುಕಿ ಸೆರಗು ಹೊದ್ದಳು.

‘ಉಡುಪಿಗೆ ಈಗ ಬಸ್ಸು ಉಂಟಾ?’ ಎಂದು ಕೇಳಿದಳು.

‘ಉಂಟು’ ಎಂದ ಲೀಲಾಧರ.